ಕಾಂಗರೂ ಅಂದರೆ ‘ಗೊತ್ತಿಲ್ಲ’ ಅಂತಲ್ಲ

ಹಾಸ್ಟೆಲಿನಲ್ಲಿ ನನ್ನ ಜೊತೆ ಒಂದೇ ಟ್ರಂಕಿನಲ್ಲಿ ಬಟ್ಟೆ ಇಟ್ಟುಕೊಂಡಿದ್ದ ಗೆಳೆಯ ಈಗ ಜಪಾನಿನ ನಗೋಯಾದಲ್ಲಿ ಇಂಜಿನಿಯರ್. ಹೋದ ವರ್ಷ ಜನವರಿಯಲ್ಲಿ ಮೂರು ವಾರ ರಜೆ ಹಾಕಿ ಆಸ್ಟ್ರೇಲಿಯಾ ಸುತ್ತಿ ಬಂದ. ಬಂದವನು ಸುಮ್ಮನಿರಲಿಲ್ಲ, 62 ಪುಟ ಬರೆದು ಕಳಿಸಿದ. ‘ನೀನು ಕವಿ, ತಿದ್ದು, ಪುಸ್ತಕ ಮಾಡೋಣ’ ಅಂದ. ಕೂತು ಕಾಗುಣಿತ ತಿದ್ದಿದೆ, ಅಲ್ಲಿಗೆ ನಿಂತೆ. ಮಿಕ್ಕಿದ್ದನ್ನು ತಿದ್ದೋಕೆ ಆಗೋದಿಲ್ಲ, ಜಗಳವೇ ಆಡಬೇಕು. ಅವನನ್ನು ಕೇಳಿಯೇ ಆ ಜಗಳವನ್ನು ಇಲ್ಲಿ ಆಡುತ್ತಿದ್ದೇನೆ. ‘ಬೈಯಿ, ಹೆಸರು ಮಾತ್ರ ಹಾಕಬೇಡ’ ಅಂದಿದ್ದಾನೆ.

ಮೊದಲು ಒಳ್ಳೇದು ಹೇಳಿಬಿಡ್ತೀನಿ. ನಮ್ಮಲ್ಲಿ ಪ್ರವಾಸಕಥನ ಅಂದರೆ ವಿಮಾನದ ಊಟ, ಸಸ್ಯಾಹಾರ ಸಿಗದ ಗೋಳು, ಆ ದೇಶದ ಸ್ವಚ್ಛತೆ, ಕೊನೆಗೆ ‘ಏನೇ ಆದರೂ ನಮ್ಮ ಸಂಸ್ಕೃತಿಯೇ ದೊಡ್ಡದು’ ಅನ್ನುವ ನಿಟ್ಟುಸಿರು. ಇವನಲ್ಲಿ ಆ ಗೋಳಿಲ್ಲ. ಕಾಂಗರೂ ಮಾಂಸ ತಿಂದೆ, ರುಚಿಯಾಗಿತ್ತು ಅಂತ ನೇರ ಬರೆದಿದ್ದಾನೆ. (ನಮ್ಮ ತಟ್ಟೆ ನೋಡಿ ಮೂಗು ಮುಚ್ಚಿಕೊಂಡವರು ಓದಲಿ.) ಕ್ವೀನ್ಸ್‌ಲ್ಯಾಂಡಿನ ಹಳ್ಳವೊಂದರ ದಂಡೆಯಲ್ಲಿ ಸಂಜೆ ಹೊತ್ತು ಪ್ಲಾಟಿಪಸ್‌ಗಾಗಿ ಎರಡು ಗಂಟೆ ಕಾದು ಕೂತ ಪುಟ ಇದೆಯಲ್ಲ, ಅದನ್ನು ನಾನು ಮೂರು ಸಲ ಓದಿದೆ. ನೀರ ಮೇಲೆ ಮೊದಲು ಗುಳ್ಳೆ, ಆಮೇಲೆ ಬಾತುಕೋಳಿಯ ಕೊಕ್ಕು, ಆಮೇಲೆ ನೀರುನಾಯಿಯಂಥ ಮೈ. ಕೆರೆ ಏರಿ ಮೇಲೆ ಗಾಳ ಹಾಕಿ ಕೂತು ಬೆಳೆದವನ ಕಣ್ಣು ಅದು.

ಜಗಳ ಶುರುವಾಗೋದು ಕೋಲಾದಿಂದ. ಅವನು ಕೋಲಾ ಮೊದಲು ನೋಡಿದ್ದು ನಗೋಯಾದ ಹಿಗಾಶಿಯಾಮಾ ಮೃಗಾಲಯದಲ್ಲಿ. 1984ರ ಅಕ್ಟೋಬರಿನಲ್ಲಿ ಆಸ್ಟ್ರೇಲಿಯಾ ಜಪಾನಿಗೆ ಆರು ಕೋಲಾ ಕಳಿಸಿತು. ಟೋಕಿಯೋದ ತಾಮಾ, ನಗೋಯಾದ ಹಿಗಾಶಿಯಾಮಾ, ಕಾಗೋಶಿಮಾದ ಹಿರಾಕವಾ, ಮೂರು ಮೃಗಾಲಯಕ್ಕೆ ತಲಾ ಎರಡು. ನೀಲಗಿರಿ ಸೊಪ್ಪು ಬಿಟ್ಟರೆ ಬೇರೆ ಮೇವು ಒಲ್ಲದ ಈ ಪ್ರಾಣಿಗೋಸ್ಕರ ಜಪಾನಿನಲ್ಲಿ ನೀಲಗಿರಿ ಬೆಳೆಸಿದರು. ನಮ್ಮ ಬಯಲುಸೀಮೆಯ ಹೊಲ ನುಂಗಿದ ನೀಲಗಿರಿಯೂ ಮೂಲದಲ್ಲಿ ಅದೇ ದೇಶದ್ದು. ಇಲ್ಲಿ ತಿನ್ನೋಕೆ ಕೋಲಾ ಇರಲಿಲ್ಲ, ಮೇಕೆಯೂ ಮೂಸಲಿಲ್ಲ. ಇರಲಿ. ಗೆಳೆಯ ಬರೆಯುತ್ತಾನೆ: ಒಂದು ಮುದ್ದು ಪ್ರಾಣಿ ಎರಡು ದೇಶಗಳ ನಡುವಿನ ಗೋಡೆ ಒಡೆಯಿತು ಅಂತ. ಯಾವ ಗೋಡೆ, ಯಾರು ಕಟ್ಟಿದ್ದು ಅನ್ನೋದಕ್ಕೆ 62 ಪುಟದಲ್ಲಿ ಒಂದು ಸಾಲಿಲ್ಲ.

1901ರಲ್ಲಿ ಆಸ್ಟ್ರೇಲಿಯಾ ಒಕ್ಕೂಟ ಹುಟ್ಟಿದ ವರ್ಷವೇ ವಲಸೆ ತಡೆಯುವ ಕಾನೂನು ಮಾಡಿತು. ಬಿಳಿಯರಲ್ಲದವರು ಬರಬಾರದು ಅಂತ ಬಾಯಿಬಿಟ್ಟು ಹೇಳಲಿಲ್ಲ. ಉಕ್ತಲೇಖನ ಇಟ್ಟರು! ಮೇಷ್ಟ್ರುಗಳೇ ಕೇಳಿ: ಬಂದರಿಗೆ ಇಳಿದವನಿಗೆ ಯೂರೋಪಿನ ಯಾವುದಾದರೂ ಭಾಷೆಯಲ್ಲಿ ಐವತ್ತು ಪದ ಓದಿ ಹೇಳೋದು, ಅವನು ತಪ್ಪಿಲ್ಲದೆ ಬರೆಯಬೇಕು. ಭಾಷೆ ಯಾವುದು ಅಂತ ಆರಿಸುವವನು ಅಧಿಕಾರಿ. 1909ರ ನಂತರ ಆ ಪರೀಕ್ಷೆಯಲ್ಲಿ ಪಾಸಾದವರೇ ಇಲ್ಲ. 1958ರವರೆಗೆ ಅದು ನಡೆಯಿತು. 1919ರಲ್ಲಿ ಪ್ಯಾರಿಸ್ಸಿನ ಶಾಂತಿ ಸಭೆಯಲ್ಲಿ ಜಪಾನ್ ಜನಾಂಗ ಸಮಾನತೆಯ ಮಾತನ್ನು ರಾಷ್ಟ್ರಸಂಘದ ಒಪ್ಪಂದಕ್ಕೆ ಸೇರಿಸಿ ಅಂತ ಕೇಳಿತು. 17 ಮತಗಳಲ್ಲಿ 11 ಪರವಾಗಿ ಬಿದ್ದವು. ಸರ್ವಾನುಮತ ಇಲ್ಲ ಅಂತ ಹೇಳಿ ಅಧ್ಯಕ್ಷ ವಿಲ್ಸನ್ ತಳ್ಳಿಹಾಕಿದ. ಅದರ ವಿರುದ್ಧ ಎಲ್ಲರಿಗಿಂತ ಜೋರಾಗಿ ನಿಂತವನು ಆಸ್ಟ್ರೇಲಿಯಾದ ಪ್ರಧಾನಿ ಬಿಲ್ಲಿ ಹ್ಯೂಸ್. ಸಮಾನತೆ ಕೇಳಿದ ಜಪಾನ್ ಅದೇ ವರ್ಷ ಕೊರಿಯಾದಲ್ಲಿ ಸ್ವಾತಂತ್ರ್ಯ ಕೇಳಿದವರನ್ನು ಬಡಿಯುತ್ತಿತ್ತು, ಅದನ್ನೂ ಮರೆಯಬಾರದು. ಕೋಲಾಗಾದರೂ ಆ ನೆಲದಲ್ಲಿ ಯಾವಾಗಲೂ ಮುದ್ದು ಸಿಕ್ಕಿತ್ತೇ? 1927ರ ಆಗಸ್ಟಿನಲ್ಲಿ ಕ್ವೀನ್ಸ್‌ಲ್ಯಾಂಡ್ ಸರ್ಕಾರ ಒಂದು ತಿಂಗಳು ಬೇಟೆಗೆ ಬಿಟ್ಟಿತು. ತುಪ್ಪಳಕ್ಕಾಗಿ ಐದು ಲಕ್ಷಕ್ಕೂ ಹೆಚ್ಚು ಕೋಲಾ ಕೊಂದರು.

ಈಗ ಹೆಸರಿಗೆ ಬರೋಣ. ಗೆಳೆಯ ಒಂದು ಜೋಕು ಬರೆದಿದ್ದಾನೆ. ನೀವೂ ಶಾಲೆಯಲ್ಲಿ ಕೇಳಿರ್ತೀರಿ, ಕೆಲವರು ಪಾಠದಲ್ಲಿ ಹೇಳಿಯೂ ಇರ್ತೀರಿ. ಬಿಳಿಯ ನಾವಿಕ ‘ಇದೇನು ಪ್ರಾಣಿ?’ ಅಂತ ಕೇಳಿದನಂತೆ, ಅಲ್ಲಿನವನು ‘ಕಾಂಗರೂ’ ಅಂದನಂತೆ, ಅಂದರೆ ‘ಗೊತ್ತಿಲ್ಲ’ ಅಂತ. ಎಲ್ಲರೂ ನಗೋದು. ಇದು ಸುಳ್ಳು. 1770ರಲ್ಲಿ ಕುಕ್‌ನ ಹಡಗು ಎಂಡೆವರ್ ನದಿಯ ಬಾಯಲ್ಲಿ ರಿಪೇರಿಗೆ ನಿಂತಿದ್ದಾಗ ಅಲ್ಲಿನ ಗೂಗು ಯಿಮಿದಿರ್ ಜನ ಹೇಳಿದ ಪದ ‘ಗಂಗುರು’. ಅದು ಕಾಂಗರೂಗಳಲ್ಲಿ ಒಂದು ದೊಡ್ಡ ಜಾತಿಯ ಹೆಸರು. 1970ರ ದಶಕದಲ್ಲಿ ಭಾಷಾವಿಜ್ಞಾನಿ ಜಾನ್ ಹ್ಯಾವಿಲ್ಯಾಂಡ್ ಆ ಜನರ ನಡುವೆ ಇದ್ದು ಇದನ್ನು ಖಚಿತ ಮಾಡಿದ. ಅವರಿಗೆ ಪ್ರಾಣಿ ಗೊತ್ತಿತ್ತು, ಅದರ ತಳಿ ಗೊತ್ತಿತ್ತು. ಗೊತ್ತಿಲ್ಲದವನು ಕೇಳಿದವನು. ಆದರೆ ಇಷ್ಟು ಕಾಲ ನಗೆಪಾಟಲಾದವನು ಹೇಳಿದವನು.

ಕೋಲಾ, ವೊಂಬ್ಯಾಟ್, ವಲಬಿ, ಡಿಂಗೊ ಇವೆಲ್ಲ ಸಿಡ್ನಿ ಸುತ್ತಿನ ಧರುಗ್ ಜನರ ಮಾತು. ಕೂಕಬರಾ ವಿರಾಜುರಿ ಜನರದ್ದು. ಗೆಳೆಯ ಪ್ರೀತಿಯಿಂದ ಪುಟಪುಟ ಬರೆದ ಹೆಚ್ಚಿನ ಪ್ರಾಣಿಗಳ ಹೆಸರು, ಅವನು ಮಾತಾಡಿಸದೇ ಬಂದ ಜನರ ಬಾಯಿಂದ ಬಂದದ್ದು. ಅವನ ಆ ಚೆಂದದ ಪ್ಲಾಟಿಪಸ್ ಪುಟಕ್ಕೂ ಹಿಂದೆ ಒಂದು ಕತೆ ಇದೆ. 1799ರಲ್ಲಿ ಅದರ ಒಣಗಿದ ಚರ್ಮ ಲಂಡನ್ನಿಗೆ ಬಂದಾಗ, ಯಾರೋ ಕೊಕ್ಕು ಹೊಲಿದು ಮೋಸ ಮಾಡಿದ್ದಾರೆ ಅಂತ ಪಂಡಿತರಿಗೆ ಗುಮಾನಿ. ಅದು ಮೊಟ್ಟೆ ಇಡುತ್ತೆ ಅಂತ ಅಲ್ಲಿನ ಮೂಲನಿವಾಸಿಗಳು ಹೇಳಿದ್ದನ್ನು ನಂಬದೆ ಬಹುಕಾಲ ವಾದ ಮಾಡಿದರು. 1884ರಲ್ಲಿ ವಿಲಿಯಂ ಕಾಲ್ಡ್‌ವೆಲ್ ಎಂಬ ಇಂಗ್ಲೆಂಡಿನ ವಿಜ್ಞಾನಿ ‘ಹೌದು, ಮೊಟ್ಟೆ ಇಡುತ್ತೆ’ ಅಂತ ತಂತಿ ಕೊಟ್ಟ ಮೇಲೆ ಅದು ಸತ್ಯವಾಯಿತು. ಕಾಲ್ಡ್‌ವೆಲ್‌ಗೆ ಹೊಳೆದಂಡೆಯಲ್ಲಿ ಪ್ರಾಣಿ ಹುಡುಕಿ ಕೊಟ್ಟವರು ಯಾರು ಅಂದುಕೊಂಡಿರಿ? ಅದೇ ಮೂಲನಿವಾಸಿಗಳು, ಕೂಲಿಗೆ.

ಆ ಜನರಿಗೆ ಗೆಳೆಯ ಕೊಟ್ಟಿರುವುದು ಹನ್ನೊಂದು ಸಾಲು. ಅದೂ ಎಲ್ಲಿ? ‘ವನ್ಯಜೀವಿಗಳು’ ಅನ್ನೋ ಅಧ್ಯಾಯದಲ್ಲಿ, ಈಮುವಿಗೂ ಮೊಸಳೆಗೂ ನಡುವೆ. ಬೇಕಂತ ಮಾಡಿದ್ದಲ್ಲ, ಪ್ರವಾಸಿ ಕಂಪನಿ ತೋರಿಸಿದ ಕ್ರಮದಲ್ಲಿ ಬರೆದಿದ್ದಾನೆ. ಆ ಹನ್ನೊಂದರಲ್ಲೂ ಒಂದು ತಪ್ಪು: 1967ರವರೆಗೆ ಅವರು ‘ಸಸ್ಯ ಮತ್ತು ಪ್ರಾಣಿ ಕಾಯಿದೆ’ಯ ಕೆಳಗೆ ಇದ್ದರು ಅಂತ. ಅಂಥ ಕಾಯಿದೆ ಇರಲಿಲ್ಲ. ಇದನ್ನು ನಾನೂ ಒಂದು ಸಭೆಯಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ, ನಾಚಿಕೆಯಿಂದಲೇ ಒಪ್ಪಿಕೊಳ್ತೀನಿ. ಇದ್ದದ್ದು ಸಂವಿಧಾನದ 127ನೇ ವಿಧಿ: ದೇಶದ ಜನಸಂಖ್ಯೆ ಎಣಿಸುವಾಗ ಮೂಲನಿವಾಸಿಗಳನ್ನು ಲೆಕ್ಕಕ್ಕೆ ಹಿಡಿಯಬಾರದು ಅಂತ. 1967ರ ಮೇ 27ರ ಜನಮತದಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮತ ಬಿದ್ದು ಅದು ಹೋಯಿತು. ಅದೇ ದೇಶ 2023ರ ಅಕ್ಟೋಬರ್ 14ರಂದು, ಸಂಸತ್ತಿಗೆ ಸಲಹೆ ಹೇಳುವ ಒಂದು ದನಿಯನ್ನು ಅವರಿಗೆ ಕೊಡಬೇಕೇ ಅಂತ ಕೇಳಿದಾಗ ನೂರಕ್ಕೆ ಅರವತ್ತು ಮಂದಿ ಬೇಡ ಅಂದರು.

ಇನ್ನು ಜನವರಿ 26. ಸಿಡ್ನಿಯಲ್ಲಿ ಪಟಾಕಿ ನೋಡಿ ‘ನಮ್ಮ ಗಣರಾಜ್ಯೋತ್ಸವ, ಅವರ ರಾಷ್ಟ್ರೀಯ ದಿನ, ಒಂದೇ ದಿನ, ಎಂಥ ಸೊಗಸು’ ಅಂತ ಬರೆದಿದ್ದಾನೆ. ಲೋ ಗೆಳೆಯಾ, ನಮ್ಮದು ಬಾಬಾಸಾಹೇಬರ ಸಂವಿಧಾನ ಜಾರಿಗೆ ಬಂದ ದಿನ. ಅವರದು 1788ರಲ್ಲಿ ಕೈದಿಗಳ ಹಡಗು ತಂದು ಬೇರೆಯವರ ನೆಲದಲ್ಲಿ ಬಾವುಟ ನೆಟ್ಟ ದಿನ. 1938ರ ಅದೇ ದಿನವನ್ನು ಸಿಡ್ನಿಯಲ್ಲಿ ಮೂಲನಿವಾಸಿಗಳು ಶೋಕದಿನ ಅಂತ ಆಚರಿಸಿದರು. 1972ರ ಅದೇ ದಿನ ಕ್ಯಾನ್ಬೆರಾದ ಸಂಸತ್ತಿನ ಎದುರು ನಾಲ್ಕು ಜನ ಹುಡುಗರು ಒಂದು ಬೀಚ್ ಛತ್ರಿ ನೆಟ್ಟು, ಇದು ನಮ್ಮ ರಾಯಭಾರ ಕಚೇರಿ ಅಂದರು. ಸ್ವಂತ ನೆಲದಲ್ಲಿ ಪರದೇಶಿಗಳು ಅಂತ. ಬೊಂಬಾಯಿಯಲ್ಲಿ ದಲಿತ್ ಪ್ಯಾಂಥರ್ಸ್ ಹುಟ್ಟಿದ್ದೂ ಅದೇ ವರ್ಷ.

ಉಲುರು ಬಂಡೆಯ ವಿಚಾರದಲ್ಲಿ ಮಾತ್ರ ಗೆಳೆಯ ನನ್ನನ್ನು ಕಟ್ಟಿಹಾಕಿದ. 2019ರ ಅಕ್ಟೋಬರ್ 26ರಿಂದ ಅದನ್ನು ಹತ್ತೋದು ನಿಷೇಧ. ಅವನು ಕೇಳುತ್ತಾನೆ: ಕಾಳಾರಾಮ್ ಗುಡಿ ಬಾಗಿಲಲ್ಲಿ 1930ರಲ್ಲಿ ಕೂತವರ ಮಕ್ಕಳು ನಾವು, ‘ಪವಿತ್ರ, ಕಾಲಿಡಬೇಡಿ’ ಅನ್ನುವ ಮಾತನ್ನು ಒಪ್ಪೋದು ಹೇಗೆ? ಎರಡು ದಿನ ನಿದ್ದೆ ಬರಲಿಲ್ಲ. ನನಗೆ ತೋಚಿದ್ದು ಇಷ್ಟು. 1873ರಲ್ಲಿ ಒಬ್ಬ ಬಿಳಿಯ ಬಂದು ಅದಕ್ಕೆ ಏಯರ್ಸ್ ಅನ್ನೋ ರಾಜಕಾರಣಿಯ ಹೆಸರಿಟ್ಟ. 1960ರ ದಶಕದಲ್ಲಿ ಹತ್ತೋಕೆ ಸರಪಳಿ ಬಡಿದರು. ಅಲ್ಲಿನ ಆನಂಗು ಜನಕ್ಕೆ ನೆಲ ಮರಳಿದ್ದು 1985ರಲ್ಲಿ, ಅದನ್ನೂ ಕೂಡಲೇ 99 ವರ್ಷಕ್ಕೆ ಸರ್ಕಾರಕ್ಕೆ ಗುತ್ತಿಗೆ ಕೊಡಬೇಕು ಅನ್ನೋ ಷರತ್ತಿನ ಮೇಲೆ. ‘ದಯವಿಟ್ಟು ಹತ್ತಬೇಡಿ’ ಅಂತ ಅವರು ವರ್ಷಗಟ್ಟಲೆ ಕೇಳಿಕೊಂಡರು. ಬೋರ್ಡ್ ಪಕ್ಕದಲ್ಲೇ ಜನ ಹತ್ತಿದರು. ಹತ್ತುವಾಗ ಮೂವತ್ತಕ್ಕೂ ಹೆಚ್ಚು ಮಂದಿ ಸತ್ತರು, ಆ ಸಾವಿನ ಭಾರವೂ ತಮ್ಮದು ಅಂತ ಆನಂಗು ನೊಂದುಕೊಂಡರು. ಕಾಳಾರಾಮ್ ಬಾಗಿಲಲ್ಲಿ ನಿಂತ ಪೂಜಾರಿ ನೆಲ ಕಳೆದುಕೊಂಡವನಲ್ಲ, ಕಿತ್ತುಕೊಂಡವರ ಕಡೆಯವನು. ಆದರೂ ಆನಂಗು ಜನರಲ್ಲಿ ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ ಅನ್ನುವ ಜಾಗಗಳಿವೆ. ಅದನ್ನು ನಾನು ಪೂರ್ತಿ ಒಪ್ಪಿದ್ದೇನೆ ಅಂತ ಹೇಳಲಾರೆ.

ಕೊನೆಯ ಅಧ್ಯಾಯ ಜಪಾನಿಗೆ ವಾಪಸಾದದ್ದು. ಅಲ್ಲೊಂದು ಸಾಲು: ‘ನಾಲ್ಕು ವರ್ಷದಲ್ಲಿ ಇಲ್ಲಿ ಒಬ್ಬನೂ ನನ್ನ ಜಾತಿ ಕೇಳಲಿಲ್ಲ.’ ಓದಿ ಪೆನ್ನು ಕೆಳಗಿಟ್ಟೆ. ಬೆಂಗಳೂರಿನಲ್ಲಿ ರೂಮು ಹುಡುಕಿ ನಾವಿಬ್ಬರೂ ಏಳು ಮನೆ ಹತ್ತಿ ಇಳಿದವರು. ಆ ಸಾಲನ್ನು ಅವನಿಂದ ಕಿತ್ತುಕೊಳ್ಳೋಕೆ ನನಗೆ ಮನಸ್ಸಿಲ್ಲ. ಆದರೆ ಅದರ ಮುಂದೆಯೇ ‘ಜಪಾನಿನಲ್ಲಿ ಜಾತಿಯೇ ಇಲ್ಲ’ ಅಂತ ಬರೆದಿದ್ದಾನಲ್ಲ, ಅದಕ್ಕೆ ಬಿಡಲಾರೆ. ಸತ್ತ ದನ ಎಳೆದು, ಚರ್ಮ ಹದ ಮಾಡಿದವರ ಮಕ್ಕಳು ಅಲ್ಲೂ ಇದ್ದಾರೆ, ಬುರಾಕು ಜನ. 1871ರಲ್ಲಿ ಆಜ್ಞೆ ಹೊರಡಿಸಿ ಕಾಗದದ ಮೇಲೆ ಬಿಡುಗಡೆ ಮಾಡಿದರು. 1922ರ ಮಾರ್ಚ್ 3ರಂದು ಅವರು ಕ್ಯೋಟೋದಲ್ಲಿ ಸೇರಿ ‘ಸುಯ್ಹೇಯ್ಶಾ’ ಕಟ್ಟಿದರು, ಎಲ್ಲರನ್ನೂ ಒಂದೇ ಮಟ್ಟಕ್ಕೆ ತರುವ ಸಂಘ. 1975ರಲ್ಲಿ ಬಯಲಾಯಿತು: ಅವರ ಕೇರಿಗಳ ಪಟ್ಟಿ ಮಾಡಿ ಗುಟ್ಟಾಗಿ ಮಾರುತ್ತಿದ್ದರು, ಕೆಲಸಕ್ಕೆ ಅರ್ಜಿ ಹಾಕಿದವನ ಊರು ಪಟ್ಟಿಯಲ್ಲಿದೆಯೇ ಅಂತ ನೋಡೋಕೆ ದೊಡ್ಡ ದೊಡ್ಡ ಕಂಪನಿಗಳೇ ಕೊಂಡಿದ್ದವು. ಈ ಭೇದದ ವಿರುದ್ಧ ಕಾನೂನು ಬಂದದ್ದು 2016ರಲ್ಲಿ.

ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ತುಂಬ ಹೊತ್ತು ಸುಮ್ಮನಿದ್ದ. ಆಮೇಲೆ, ‘ಹಂಗಾದ್ರೆ ನಾನು ಪ್ರಾಣಿ ನೋಡಿ ಖುಷಿಪಟ್ಟಿದ್ದೂ ತಪ್ಪಾ?’ ಅಂದ. ಪ್ಲಾಟಿಪಸ್ ಪುಟದಲ್ಲಿ ಒಂದಕ್ಷರ ಮುಟ್ಟಬೇಡ ಅಂದೆ. ಹನ್ನೊಂದು ಸಾಲು ಹೊಡೆದುಹಾಕ್ತೀನಿ ಅಂದ. ಅದೂ ಬೇಡ, ಇದ್ದ ಹಾಗೇ ಇರಲಿ, ಅದರ ಕೆಳಗೆ ಬರಿ ಅಂದೆ. ಬರೆಯುತ್ತಿದ್ದಾನೆ. ಮೊನ್ನೆ ಕಳಿಸಿದ ಪ್ರತಿ 71 ಪುಟ ಇದೆ. ಕಾಂಗರೂ ಜೋಕನ್ನು ಮಾತ್ರ ಇನ್ನೂ ತೆಗೆದಿಲ್ಲ.