ಹಳೆ ಸೀರೆಯ ಹೊಸ ಹಾಸಿಗೆ

ಕನಕಗಿರಿ, ಕುಷ್ಟಗಿ, ಯಲಬುರ್ಗಾ ಕಡೆ ಮಕ್ಕಳ ಹಾಸಿಗೆ ಎಂದರೆ ಕೌದಿ. ಸವೆದ ಇಳಕಲ್ ಸೀರೆ, ಹಳೆ ಧೋತರ, ಅಂಗಿಯ ತುಂಡುಗಳನ್ನು ಪದರ ಪದರವಾಗಿ ಹರವಿ, ಅಂಚಿನಿಂದ ನಡುವಿನವರೆಗೆ ಒತ್ತೊತ್ತಾಗಿ ದಾರ ಓಡಿಸುತ್ತಾರೆ. ಒಗೆದು ಒಗೆದು ಮೆತ್ತಗಾದ ಅರಿವೆ ಎಳೆ ಮೈಗೆ ಚುಚ್ಚುವುದಿಲ್ಲ. ಓಣಿಯ ಹೆಂಗಸರು ಕೂಡಿ ಹೊಲಿಯಲು ಕೂತರೆ ಕೂಲಿಯ ಮಾತೇ ಏಳುವುದಿಲ್ಲ.

ಕೊಪ್ಪಳದ ಗವಿಮಠದ ಕೆಲಸವೂ ಇಂಥ ಕೂಡು ಕೈಗಳದ್ದೇ. ಭಕ್ತರ ಕಾಣಿಕೆ, ಹಳ್ಳಿಗಳಿಂದ ಬರುವ ದವಸದ ಬಲದಿಂದ ಸಾವಿರಾರು ಬಡ ಮಕ್ಕಳಿಗೆ ಅಲ್ಲಿ ಊಟ, ವಸತಿ ಉಚಿತ. 2022ರಲ್ಲಿ 5,000 ವಿದ್ಯಾರ್ಥಿಗಳ ವಸತಿ ನಿಲಯಕ್ಕೆ ಅಡಿಗಲ್ಲು ಬಿತ್ತು.

ನಿಮ್ಮ ಟ್ರಂಕಿನಲ್ಲೂ ಹಳೆ ಸೀರೆಗಳಿದ್ದಾವು. ಒಂದು ಕೌದಿ ಹೊಲಿಸಿ, ಹತ್ತಿರದ ಹಾಸ್ಟೆಲ್ಲಿನ ಮಗುವಿಗೆ ಕೊಡಿ.