ಚೇಷ್ಟೆ, ಇಂಗಿತ ಮತ್ತು ಔಷಧ

ಚೇಷ್ಟೆಯೆಂದರೆ ಅಂಗಾಂಗಗಳ ಚಲನೆ. ಇಂಗಿತವೆಂದರೆ ಆ ಚಲನೆಯ ಹಿಂದಿರುವ ಅಭಿಪ್ರಾಯ. ಎದುರಿಗಿರುವವನು ತಲೆ ಕೆರೆದುಕೊಂಡರೆ ಅದು ಬರಿಯ ಚೇಷ್ಟೆ. ಕೈಬೀಸಿ ಕರೆದರೆ ಅದರಲ್ಲಿ ಇಂಗಿತವುಂಟು. ಎಲ್ಲ ಚೇಷ್ಟೆಯೂ ಇಂಗಿತವಲ್ಲ. ಇವೆರಡನ್ನು ಬೇರ್ಪಡಿಸುವ ವಿವೇಕವು ಸ್ಕಿಜೋಫ್ರೀನಿಯಾ ರೋಗದಲ್ಲಿ ಕೆಡಬಹುದೆಂಬುದನ್ನು ಹಲವು ಸಂಶೋಧನೆಗಳು ತೋರಿಸಿವೆ. ಆ ಕೇಡಿನಲ್ಲಿ ರೋಗದ ಪಾಲೆಷ್ಟು, ಔಷಧದ ಪಾಲೆಷ್ಟು ಎಂಬುದನ್ನು ನಿರ್ಣಯಿಸಲು ಸಾಮಾನ್ಯವಾಗಿ ಅನುಸರಿಸುವ ಕ್ರಮವು ಸಮರ್ಪಕವಲ್ಲವೆಂಬುದೇ ಈ ಲೇಖನದ ವಾದ.

ಮೊದಲು ಗಮನಿಸತಕ್ಕ ಅಂಶವೆಂದರೆ, ಇಲ್ಲಿ ತಪ್ಪು ಒಂದಲ್ಲ, ಎರಡು. ಇರುವ ಇಂಗಿತವನ್ನು ಕಾಣದಿರುವುದು ಒಂದು. ಇಲ್ಲದ ಇಂಗಿತವನ್ನು ಕಾಣುವುದು ಇನ್ನೊಂದು. ಸಾಂಡ್ರಾ ಬುಚ್ಚಿ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರರು ತಮಗೆ ಗುಟ್ಟಾಗಿ ಸೂಚನೆ ಕೊಡುತ್ತಿದ್ದಾರೆಂಬ ಭ್ರಾಂತಿಯುಳ್ಳ ರೋಗಿಗಳು ಆಕಸ್ಮಿಕ ಚಲನೆಗಳನ್ನೂ ಸನ್ನೆಗಳೆಂದು ಬಗೆಯುವುದು ಹೆಚ್ಚೆಂದು ಕಂಡುಬಂದಿತು. ಇದು ಎರಡನೆಯ ಬಗೆಯ ತಪ್ಪು.

ಔಷಧವು ಈ ಎರಡು ತಪ್ಪುಗಳ ಮೇಲೆ ಒಂದೇ ರೀತಿಯಲ್ಲಿ ವರ್ತಿಸಬೇಕೆಂಬ ನಿಯಮವಿಲ್ಲ. ಮಿದುಳಿನಲ್ಲಿ ಡೋಪಮೀನಿನ ವ್ಯವಸ್ಥೆ ಏರುಪೇರಾದಾಗ ಕ್ಷುಲ್ಲಕ ಸಂಗತಿಗಳಿಗೂ ಅನುಚಿತ ಮಹತ್ವ ಬರುತ್ತದೆಂದು ಶಿತಿಜ್ ಕಪೂರ್ 2003ರಲ್ಲಿ ಪ್ರತಿಪಾದಿಸಿದರು. ಔಷಧವು ಡೋಪಮೀನಿನ ಕ್ರಿಯೆಯನ್ನು ತಡೆದು ಆ ಮಹತ್ವವನ್ನು ಕುಗ್ಗಿಸುತ್ತದೆಂಬುದು ಅವರ ಅಭಿಪ್ರಾಯ. ಇದು ನಿಜವಾದರೆ ಎರಡನೆಯ ತಪ್ಪು ಕಡಮೆಯಾಗಬೇಕು. ಆದರೆ ಔಷಧದಿಂದ ಮಂಪರು ಕವಿದರೆ ಮೊದಲನೆಯ ತಪ್ಪು ಹೆಚ್ಚಬಹುದು. ಎರಡನ್ನೂ ಕೂಡಿಸಿ ಒಂದೇ ಅಂಕವನ್ನು ಕೊಟ್ಟಾಗ ಲಾಭನಷ್ಟಗಳು ಪರಸ್ಪರ ಅಳಿಸಿಹೋಗಿ, ಔಷಧಕ್ಕೆ ಪರಿಣಾಮವೇ ಇಲ್ಲವೆಂಬ ಸುಳ್ಳು ತೀರ್ಮಾನ ಹುಟ್ಟೀತು.

ಎರಡನೆಯ ಆಕ್ಷೇಪವು ಪ್ರಮಾಣವನ್ನು ಕುರಿತದ್ದು. ಬೇರೆಬೇರೆ ಔಷಧಗಳ ಪ್ರಮಾಣವನ್ನು ಕ್ಲೋರ್‌ಪ್ರೊಮಜೀನಿನ ಅಳತೆಗೆ ಪರಿವರ್ತಿಸಿ, ಪರೀಕ್ಷೆಯ ಅಂಕದೊಡನೆ ಹೋಲಿಸುವುದು ರೂಢಿ. ಆದರೆ ವೈದ್ಯರು ಪ್ರಮಾಣವನ್ನು ಚೀಟಿ ಎತ್ತಿ ನಿಶ್ಚಯಿಸುವುದಿಲ್ಲ. ರೋಗ ಬಲವಾಗಿರುವವರಿಗೆ ಹೆಚ್ಚು ಔಷಧ ದೊರೆಯುವುದು ಸಹಜ. ಹೀಗಿರುವಾಗ ಹೆಚ್ಚಿನ ಪ್ರಮಾಣದೊಡನೆ ಕಾಣುವ ನ್ಯೂನತೆಯು ಔಷಧದ್ದೋ ರೋಗದ್ದೋ ಎಂದು ಆ ಹೋಲಿಕೆಯೊಂದೇ ಹೇಳಲಾರದು.

ಇತಿಹಾಸವೂ ಎರಡು ಕಡೆಗೆ ಸಾಕ್ಷಿ ನುಡಿಯುತ್ತದೆ. ಪ್ಯಾರಿಸ್ಸಿನಲ್ಲಿ ಡಿಲೇ ಮತ್ತು ಡೆನಿಕೇರ್ ಅವರು ಮನೋರೋಗಿಗಳಲ್ಲಿ ಕ್ಲೋರ್‌ಪ್ರೊಮಜೀನನ್ನು ಪ್ರಯೋಗಿಸಿದ್ದು 1952ರಲ್ಲಿ. ದೇಹವು ವಿಚಿತ್ರ ಭಂಗಿಗಳಲ್ಲಿ ಸ್ತಬ್ಧವಾಗುವ ಕೆಟಟೋನಿಯಾವನ್ನು ಕಾಲ್ಬಾಂ ವಿವರಿಸಿದ್ದಾದರೋ 1874ರಲ್ಲಿ. ಆದುದರಿಂದ ಚೇಷ್ಟೆಗಳ ವಿಕಾರವೆಲ್ಲ ಔಷಧಜನ್ಯವೆನ್ನುವಂತಿಲ್ಲ. ಆದರೆ ಔಷಧದಿಂದ ಪಾರ್ಕಿನ್ಸನ್ ರೋಗದಂಥ ಲಕ್ಷಣಗಳು ತೋರಿ, ಮುಖ ಭಾವಶೂನ್ಯವಾಗಿ ಕೈಕಾಲುಗಳು ಬಿಗಿಯುವುದೂ ಉಂಟು. ಅದಕ್ಕೆ ಪರಿಹಾರವಾಗಿ ಕೊಡುವ ಟ್ರೈಹೆಕ್ಸಿಫೆನಿಡಿಲ್ ಜ್ಞಾಪಕಶಕ್ತಿಯನ್ನು ಕುಂದಿಸಬಲ್ಲದು. ಸನ್ನೆಯನ್ನು ಮಾಡಿ ತೋರಿಸೆಂದು ಕೇಳುವ ಪರೀಕ್ಷೆಯಲ್ಲಿ ಕೈಯ ಬಿಗಿತವೂ ಅರಿವಿನ ಕೊರತೆಯೆಂದೇ ಲೆಕ್ಕವಾಗುವ ಅಪಾಯವುಂಟು.

ಹಾಗಾದರೆ ಮಾಡತಕ್ಕದ್ದೇನು? ಎರಡು ತಪ್ಪುಗಳನ್ನು ಬೇರೆಬೇರೆಯಾಗಿ ಎಣಿಸಬೇಕು. ತಿಳಿಯುವುದನ್ನೂ ಮಾಡಿ ತೋರಿಸುವುದನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಚಿಕಿತ್ಸೆಗೆ ಹೊಸದಾಗಿ ಬಂದವರನ್ನು ಔಷಧಕ್ಕೆ ಮೊದಲೂ ಅನಂತರವೂ ನೋಡಬೇಕು; ಅಭ್ಯಾಸಬಲದಿಂದ ಅಂಕ ಏರುವುದರಿಂದ ಆರೋಗ್ಯವಂತರನ್ನೂ ಎರಡು ಸಲ ಪರೀಕ್ಷಿಸಬೇಕು. ಸಂಶೋಧನೆಗಾಗಿ ಔಷಧವನ್ನು ನಿಲ್ಲಿಸುವುದಾಗಲಿ, ಚಿಕಿತ್ಸೆಯನ್ನು ತಡಮಾಡುವುದಾಗಲಿ ಸಲ್ಲದು. ಔಷಧ ನಿಂತರೆ ರೋಗ ಮರುಕಳಿಸುವ ಭಯವುಂಟು.

ಇದು ಕೇವಲ ಅಂಕಗಳ ವಾಗ್ವಾದವಲ್ಲ. ಔಷಧ ಸೇವಿಸುವ ಮಗನ ನಿಶ್ಚಲವಾದ ಮುಖವನ್ನು ತಾಯಿ ಔದಾಸೀನ್ಯವೆಂದು ತಿಳಿದರೆ ಅಲ್ಲಿ ಇಂಗಿತವನ್ನು ತಪ್ಪಾಗಿ ಓದಿದವಳು ಅವಳು. ಸನ್ನೆಯೆಂಬುದು ಇಬ್ಬರ ನಡುವಿನ ವ್ಯವಹಾರ. ರೋಗಿಯ ಅರಿವನ್ನು ಮಾತ್ರ ಅಳೆದು, ಅವನ ಮುಖವನ್ನು ನಾವು ಓದುವ ಬಗೆಯನ್ನು ಪರೀಕ್ಷಿಸದೆ ಬಿಟ್ಟ ಅಧ್ಯಯನವು ಅರ್ಧ ಕೆಲಸವನ್ನಷ್ಟೇ ಮಾಡಿದಂತಾಗುತ್ತದೆ.