ಮಾಸ್ಕೋ ನಗರದ ಒಂದು ಸುರಂಗನಿಲ್ದಾಣ: ಔಚಿತ್ಯವೂ ಪಾಠಭೇದವೂ

ಗ್ರಂಥವಿಮರ್ಶೆಗೆ ಮೀಸಲಾದ ಈ ಪುಟಗಳಲ್ಲಿ ರೈಲುನಿಲ್ದಾಣವೊಂದರ ವಿಚಾರವನ್ನೆತ್ತುವುದು ಕೆಲವು ವಾಚಕ ಮಹಾಶಯರಿಗೆ ವಿಲಕ್ಷಣವೆಂದು ತೋರಬಹುದು. ಆದರೆ ಮಾಸ್ಕೋ ನಗರದ ಕೊಮ್ಸೊಮೊಲ್ಸ್ಕಾಯಾ ಎಂಬ ಸುರಂಗನಿಲ್ದಾಣವು ಬರಿಯ ಕಟ್ಟಡವಲ್ಲ. ಅದು ಛಾವಣಿಯ ಮೇಲೆ ರಚಿತವಾದ ಒಂದು ಪ್ರಶಸ್ತಿ. ಪ್ರಶಸ್ತಿಯು ಕೈಗೆ ಬಂದಾಗ ಕರ್ತೃವಾರು, ಮೂಲಪಾಠವಾವುದು, ತಿದ್ದಿದ ಕೈ ಯಾರದು ಎಂದು ಕೇಳುವುದು ನಮ್ಮ ಪದ್ಧತಿ. ಈ ಪ್ರಶ್ನೆಗಳನ್ನು ಕೇಳದೆ ಮೇಲೆ ನೋಡಿದವರು ಅಲ್ಲಿನ ಎಂಟು ಚಿತ್ರಗಳನ್ನೂ 1952ನೆಯ ಇಸವಿಯ ಏಕಕೃತಿಯೆಂದು ಭ್ರಮಿಸುವುದು ಸಹಜ. ಆ ಭ್ರಮೆಯನ್ನು ನಿವಾರಿಸುವುದು ಈ ಲೇಖನದ ಮುಖ್ಯೋದ್ದೇಶ.

ಮೊದಲು ಸ್ಥಳದ ವಿಚಾರ. ಲೆನಿನ್‌ಗ್ರಾದ್, ಯಾರೊಸ್ಲಾವ್ಲ್, ಕಜಾನ್ ಎಂಬ ಊರುಗಳ ಹೆಸರನ್ನು ಹೊತ್ತ ಮೂರು ದೊಡ್ಡ ರೈಲ್ವೆ ಸ್ಟೇಷನ್ನುಗಳು ಒಂದೇ ಚೌಕದ ಸುತ್ತಲೂ ನಿಂತಿವೆ. ಚೌಕದ ಕೆಳಗೆ ಒಂದೇ ಹೆಸರಿನ ಎರಡು ಸುರಂಗನಿಲ್ದಾಣಗಳುಂಟು. ಮೊದಲನೆಯದು ಮಾಸ್ಕೋವಿನ ಸುರಂಗರೈಲು ಪ್ರಾರಂಭವಾದ ದಿನವೇ, ಎಂದರೆ 1935ನೆಯ ಮೇ 15ರಂದು, ತೆರೆಯಲ್ಪಟ್ಟಿತು. ಅದರ ಶಿಲ್ಪಿ ದ್ಮಿತ್ರಿ ಚೆಚೂಲಿನ್. ಎರಡನೆಯದು ನಗರವನ್ನು ಬಳಸಿ ಬರುವ ವರ್ತುಲಮಾರ್ಗಕ್ಕೆ ಸೇರಿದುದು. 1952ನೆಯ ಜನವರಿ 30ರಂದು ತೆರೆಯಿತು. ಒಂದು ಮಾರ್ಗದಿಂದಿಳಿದವರು ಇನ್ನೊಂದಕ್ಕೆ ಹೋಗುವುದಕ್ಕೂ, ಊರೂರುಗಳಿಂದ ಬಂದವರು ನಗರದೊಳಕ್ಕೆ ಇಳಿಯುವುದಕ್ಕೂ ಇದೇ ಸಂಧಿಸ್ಥಾನ.

ವರ್ತುಲಮಾರ್ಗದ ನಿಲ್ದಾಣವು ಅಲೆಕ್ಸೇಯ್ ಶ್ಚೂಸೆವ್ ಎಂಬ ವೃದ್ಧಶಿಲ್ಪಿಯ ಕಡೆಯ ಕಾಲದ ಕಲ್ಪನೆ. ಮೇಲಿನ ಕಜಾನ್ ಸ್ಟೇಷನ್ನೂ, ಲೆನಿನ್ನನ ಸಮಾಧಿಮಂದಿರವೂ ಆತನ ಕೃತಿಗಳೇ. 1949ರಲ್ಲಿ ತೀರಿಕೊಂಡ ಆತನಿಗೆ ಈ ಮಂಟಪವನ್ನು ಕಣ್ಣಾರೆ ನೋಡುವ ಯೋಗವಿರಲಿಲ್ಲ. ಸಹಾಯಕರು ಅದನ್ನು ಪೂರೈಸಿದರು. ನೆಲಮಟ್ಟದಿಂದ ಸುಮಾರು 37 ಮೀಟರ್ ಆಳದಲ್ಲಿ, ಅಮೃತಶಿಲೆ ಹೊದಿಸಿದ 68 ಅಷ್ಟಕೋಣದ ಕಂಬಗಳ ಮೇಲೆ, ಹಳದಿ ಬಣ್ಣದ ಕಮಾನುಛಾವಣಿ ನಿಂತಿದೆ. ಅದರ ತುಂಬ ಗಾರೆಯ ಹೂಬಳ್ಳಿಗಳು. ನಡುನಡುವೆ ಬಣ್ಣದ ಗಾಜಿನ ಚೂರುಗಳನ್ನು ಜೋಡಿಸಿ ಮಾಡಿದ ಎಂಟು ಮೊಸಾಯಿಕ್ ಚಿತ್ರಗಳು. ಇವುಗಳ ಕರ್ತೃ ಪಾವೆಲ್ ಕೋರಿನ್, ದೇವತಾಚಿತ್ರಗಳನ್ನು ಬರೆಯುವ ಮನೆತನದಲ್ಲಿ ಹುಟ್ಟಿದವನು. ಆ ಸಂಸ್ಕಾರವು ಆತನ ಯೋಧರ ನಿಲುವಿನಲ್ಲಿಯೂ ಗೋಚರವಾಗುತ್ತದೆ.

ಇಂತಹ ಅಲಂಕಾರವು ದಾರಿಹೋಕರ ಸ್ಥಾನದಲ್ಲಿ ಉಚಿತವೇ? 1955ರಲ್ಲಿ ಸೋವಿಯತ್ ಸರಕಾರವೇ ಕಟ್ಟಡಗಳಲ್ಲಿನ ಅತಿರೇಕಗಳನ್ನು ಖಂಡಿಸಿ ನಿರ್ಣಯವನ್ನು ಹೊರಡಿಸಿತು. ಮೂರು ವರ್ಷಗಳಾದ ಮೇಲೆ, 1958ರ ಬ್ರಸೆಲ್ಸ್ ಪ್ರದರ್ಶನದಲ್ಲಿ ಇದೇ ನಿಲ್ದಾಣಕ್ಕೆ ಅಗ್ರಪ್ರಶಸ್ತಿಯು ದೊರೆಯಿತು! ನಿಂದೆ ಸ್ತುತಿಗಳೆರಡೂ ಅಲಂಕಾರದ ಪ್ರಮಾಣವನ್ನೇ ನೋಡಿದುವೆಂದು ತೋರುತ್ತದೆ. ಕ್ಷೇಮೇಂದ್ರನ ಮಾರ್ಗವನ್ನು ಹಿಡಿದರೆ ನೋಡಬೇಕಾದುದು ಪ್ರಮಾಣವನ್ನಲ್ಲ, ಸ್ಥಾನವನ್ನು. ಜನಸಂದಣಿಯಲ್ಲಿ ನೆಲವೂ ಗೋಡೆಯೂ ಕಾಣವು. ಮರೆಯಾಗದೆ ಉಳಿಯುವುದು ಛಾವಣಿಯೊಂದೇ. ಆದುದರಿಂದ ಅಲಂಕಾರವನ್ನು ಮೇಲಕ್ಕೇರಿಸಿದ ಶಿಲ್ಪಿಯ ಬುದ್ಧಿ ಸಮಂಜಸವೇ. ಆದರೆ ನಮ್ಮ ದೇವಾಲಯಗಳ ನವರಂಗದಲ್ಲಿ ಭುವನೇಶ್ವರಿಯನ್ನು ನೋಡುವವನು ಕತ್ತೆತ್ತಿ ಬೇಕಾದಷ್ಟು ಹೊತ್ತು ನಿಲ್ಲಬಹುದು. ಇಲ್ಲಿ ಹಾಗೆ ನಿಂತವನಿಗೆ ಹಿಂದಿನವರ ಮೊಣಕೈಗಳು ಬುದ್ಧಿ ಕಲಿಸುತ್ತವೆ. ಗಮನವೇ ಧರ್ಮವಾಗಿರುವ ಮಂಟಪದಲ್ಲಿ ಸ್ಥಿತಿಯನ್ನು ಬೇಡುವ ಕಾವ್ಯವನ್ನಿಟ್ಟುದೇ ಇದರ ದೋಷ.

ಈ ದೃಷ್ಟಿಯಿಂದ 1935ರ ಹಳೆಯ ನಿಲ್ದಾಣವನ್ನು ನಾನು ಮೇಲೆಂದು ಎಣಿಸುತ್ತೇನೆ. ಮೂರು ಸ್ಟೇಷನ್ನುಗಳ ಜನಪ್ರವಾಹವನ್ನು ಮೊದಲೇ ಊಹಿಸಿ ಚೆಚೂಲಿನ್ನನು ಪ್ಲ್ಯಾಟ್‌ಫಾರಮ್ಮಿನ ಮೇಲ್ಗಡೆ ಹಜಾರದ ಉದ್ದಕ್ಕೂ ನಡೆದಾಡುವ ಗ್ಯಾಲರಿಗಳನ್ನು ಕಲ್ಪಿಸಿದನು. ಮೇಲೆ ನಡೆಯುವವರಿಗೆ ಕೆಳಗಿನ ರೈಲೂ ಜನರೂ ಕಾಣುತ್ತಾರೆ. ಕೆಳಗಿನವರಿಗೆ ಮೇಲಿನವರ ನಡಿಗೆ ಕಾಣುತ್ತದೆ. ಸಂಚಾರವೇ ಅಲ್ಲಿ ಶೋಭೆ. ಲಾನ್ಸೆರೆಯ ಮಜೋಲಿಕಾ ಚಿತ್ರದಲ್ಲಿರುವವರು ಕೂಡ ಆ ಸುರಂಗವನ್ನು ತೋಡಿದ ಕೆಲಸಗಾರರೇ ಹೊರತು ಸೇನಾಪತಿಗಳಲ್ಲ.

ಇನ್ನು ಪಾಠವಿಚಾರ. ಕೋರಿನ್ನನ ಚಿತ್ರಮಾಲೆಗೆ ಮೂಲವು 1941ನೆಯ ನವೆಂಬರ್ 7ರಂದು, ಶತ್ರುಸೈನ್ಯವು ಮಾಸ್ಕೋವಿನ ಸಮೀಪದಲ್ಲಿದ್ದಾಗ, ಕೆಂಪುಚೌಕದಲ್ಲಿ ಸ್ಟಾಲಿನ್ ಮಾಡಿದ ಭಾಷಣ. ಅದರಲ್ಲಿ ಪೂರ್ವವೀರರ ಹೆಸರುಗಳು ಕ್ರಮವಾಗಿ ಬರುತ್ತವೆ: ಅಲೆಕ್ಸಾಂದರ್ ನೆವ್‌ಸ್ಕಿ, ದ್ಮಿತ್ರಿ ದೊನ್‌ಸ್ಕೊಯ್, ಮಿನಿನ್, ಪೊಜಾರ್‌ಸ್ಕಿ, ಸುವೊರೊವ್, ಕುತೂಜೊವ್. ಮಿನಿನ್ ಪೊಜಾರ್‌ಸ್ಕಿಗಳು ಒಂದೇ ಚಿತ್ರದಲ್ಲಿರುವುದರಿಂದ ವೀರಚಿತ್ರಗಳು ಐದು. ಆರನೆಯದು ಬರ್ಲಿನ್ನಿನಲ್ಲಿ ಜಯಶಾಲಿಗಳಾದ ಸೈನಿಕರದು. ಉಳಿದೆರಡರಲ್ಲಿ, ಎಂದರೆ ಧ್ವಜಪ್ರದಾನದಲ್ಲಿಯೂ ವಿಜಯೋತ್ಸವದಲ್ಲಿಯೂ, ಸ್ಟಾಲಿನ್ನನೇ ಇದ್ದನು. ಆತನು 1953ರಲ್ಲಿ ಮೃತನಾದ ಮೇಲೆ ರಾಜಕೀಯವು ತಿರುಗಿತು. 1963ರಲ್ಲಿ ಆ ಎರಡನ್ನೂ ಬದಲಾಯಿಸಲಾಯಿತು. ಒಂದರ ಸ್ಥಾನದಲ್ಲಿ ಸೈನಿಕರ ಮುಂದೆ ಮಾತನಾಡುವ ಲೆನಿನ್ ಬಂದನು. ಇನ್ನೊಂದರಲ್ಲಿ ಸಮಾಧಿಮಂದಿರದ ಮುಂದೆ ನಿಂತ ಮಾತೃಭೂಮಿಯ ಸ್ತ್ರೀರೂಪ ಬಂದಿತು.

ಇವನ್ನು ಪ್ರಕ್ಷಿಪ್ತವೆನ್ನಬಹುದೇ? ಪ್ರಕ್ಷೇಪವು ಅನ್ಯಹಸ್ತದಿಂದಾಗುವುದು, ಇಲ್ಲಿ ತಿದ್ದಿದವನೂ ಕೋರಿನ್ನನೇ. ಆದುದರಿಂದ ಇವು ಕರ್ತೃವಿನ ಕೈಯಿಂದಲೇ, ಆದರೆ ಕರ್ತೃವಿನ ಸ್ವೇಚ್ಛೆಯಿಂದಲ್ಲದೆ, ಹುಟ್ಟಿದ ಪಾಠಾಂತರಗಳು. ಲೆನಿನ್ನನ ಚಿತ್ರಕ್ಕೆ ಒಂದು ಸಮರ್ಥನೆಯೂ ಉಂಟು: ಆ ಭಾಷಣವು ಮುಗಿಯುವುದೇ ಲೆನಿನ್ನನ ಧ್ವಜದ ಸ್ಮರಣೆಯಿಂದ. ಹಾಗಾದರೂ ಪ್ರಬಂಧದ ಅನ್ವಯವು ಮುರಿದುದನ್ನು ಮರೆಮಾಚಲಾಗದು. ಹದಿಮೂರನೆಯ ಶತಮಾನದ ರಾಜಪುತ್ರನ ಪಂಕ್ತಿಯಲ್ಲಿಯೇ ಬರ್ಲಿನ್ನಿನ ಸೈನಿಕರು ಏಕೆ ನಿಂತರೆಂಬುದಕ್ಕೆ ಉತ್ತರವನ್ನು ಹೇಳಬಲ್ಲವನು ಆ ಪಟ್ಟಿಯನ್ನು ಓದಿದ ವಕ್ತೃವೊಬ್ಬನೇ. ವಕ್ತೃವನ್ನು ಅಳಿಸಿದರು, ಆತನ ವಾಕ್ಯವನ್ನು ಹಾಗೆಯೇ ಉಳಿಸಿದರು. ಮುಖವು ಹೋದರೂ ಛಾವಣಿಯು ಆತನ ಕ್ರಮದಲ್ಲಿಯೇ ಮಾತನಾಡುತ್ತಿದೆ. ಶಾಸನದಲ್ಲಿ ದಾನಿಯ ಹೆಸರನ್ನು ಕೆತ್ತಿ ತೆಗೆದು, ದತ್ತಿಯ ವಿವರವನ್ನು ಬಿಟ್ಟಂತಾಯಿತು.

ಇದರಿಂದ ಹಳೆಯ ಚಿತ್ರಗಳನ್ನು ಮರಳಿ ಸ್ಥಾಪಿಸಬೇಕೆಂದು ನಾನು ಹೇಳುತ್ತಿಲ್ಲ; ಲಕ್ಷಾಂತರ ಜನರ ಪ್ರಾಣಹಾನಿಗೆ ಹೊಣೆಯಾದವನನ್ನು ಸ್ತುತಿಪೀಠದಿಂದ ಇಳಿಸಿದುದು ನ್ಯಾಯವೇ. ವಿಮರ್ಶಕನು ಕೇಳಬೇಕಾದುದು ಇಷ್ಟೇ: ಛಾವಣಿಯನ್ನು ವರ್ಣಿಸುವಾಗ ಆರು ಚಿತ್ರಗಳನ್ನು 1952ರ ಪಾಠವೆಂದೂ, ಎರಡನ್ನು 1963ರ ಪಾಠವೆಂದೂ ಬೇರೆ ಬೇರೆಯಾಗಿ ಗುರುತಿಸಬೇಕು, 1958ರಲ್ಲಿ ಬ್ರಸೆಲ್ಸ್ ಮೆಚ್ಚಿದ ರಚನೆಯ ಛಾವಣಿ ಇಂದಿನದಲ್ಲವೆಂಬುದನ್ನೂ ಅದರೊಡನೆ ಹೇಳಬೇಕು.